ಮಾತಿನ ಬಾಬ್ತು

ಒಂಬತ್ತನೆಯ ಕಂತು

“ಸುಳ್ಳು ರಿಜಿಸ್ಟರ್ ಆದ್ರೆ ಇಷ್ಟು ಕೊಳಕಾಗಿ ಇರ್ತದಾ ಮೇಡಂ?”

ಮುಖೇಶ್ ಹಾಗೆ ಕೇಳಿ ದಪ್ಪ ರಟ್ಟಿನ ಥೆರಪಿ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಜಯಳ ಕಡೆಗೆ ತಳ್ಳಿದ. ಶಕ್ತಿನಗರದ ಏರಿನ ಮೇಲಿರುವ ‘ಹೊಂಗೆನೆರಳು’ ಆರೈಕೆ ಕೇಂದ್ರಕ್ಕೆ ಅವನು ಮ್ಯಾನೇಜರ್. ನಲವತ್ತರ ಆಸುಪಾಸಿನ ಮನುಷ್ಯ. ಅಂಗಿ ಇಸ್ತ್ರಿ ಕಂಡಿತ್ತು, ಕಣ್ಣು ನಿದ್ದೆ ಕಂಡಿರಲಿಲ್ಲ.

ಜಯ ಪುಸ್ತಕ ತೆರೆದಳು. ಇಪ್ಪತ್ತಾರು ವರ್ಷ ವಿಮಾ ಕಂಪನಿಯ ಪರವಾಗಿ ಆಸ್ಪತ್ರೆ ಬಿಲ್ಲುಗಳ ಬೆನ್ನು ಹತ್ತಿದವಳು ಅವಳು. ನಿವೃತ್ತಿಯ ನಂತರ ಅದೇ ಕೆಲಸವನ್ನು ಬಿಲ್ಲು ಕಟ್ಟಲಾರದವರ ಪರವಾಗಿ ಮಾಡುತ್ತಿದ್ದಳು. ಸುಳ್ಳು ರಿಜಿಸ್ಟರಿನ ಲಕ್ಷಣ ಅವಳಿಗೆ ಬಾಯಿಪಾಠ. ಒಂದೇ ಪೆನ್ನು, ಒಂದೇ ಸಲ ಕೂತು ಬರೆದ ಅಕ್ಷರ, ಒಂದು ದಿನವೂ ತಪ್ಪದ ಹಾಜರಿ. ಸುಳ್ಳು ಬರೆಯುವವರಿಗೆ ಜ್ವರ ಬರುವುದಿಲ್ಲ, ಬಸ್ಸು ತಪ್ಪುವುದಿಲ್ಲ.

ಈ ಪುಸ್ತಕದಲ್ಲಿ ಎಲ್ಲವೂ ತಪ್ಪಿತ್ತು.

‘ಜ್ವರ. ಸೆಷನ್ ಇಲ್ಲ.’ ‘ಕರೆಂಟ್ ಇಲ್ಲ, ಅಂಗಳದಲ್ಲಿ ಕೂತೆವು.’ ‘ಇವತ್ತು ಅತ್ತರು. ಅರ್ಧಕ್ಕೆ ನಿಲ್ಲಿಸಿದೆ.’ ನೀಲಿ ಶಾಯಿ, ಕಪ್ಪು ಶಾಯಿ, ಒಂದು ವಾರ ಬರೀ ಪೆನ್ಸಿಲ್. ಒಂದು ಪುಟದ ಮೇಲೆ ಚಹಾ ಚೆಲ್ಲಿ ಒಣಗಿತ್ತು.

ಎರಡು ದಿನಗಳಿಂದ ಹುಡುಕುತ್ತಿದ್ದ ಸುಳ್ಳು ಇಲ್ಲಿ ಇಲ್ಲವೆಂದು ಜಯಳಿಗೆ ಮೂರನೆಯ ಪುಟಕ್ಕೇ ಗೊತ್ತಾಯಿತು. ಅವಳಿಗೆ ಬೇಸರವಾಯಿತು. ಇದು ಸುಳ್ಳಾಗಿದ್ದರೆ ಸಿದ್ದೀಕ್ ಇಲ್ಲಿಯೇ ಉಳಿಯುತ್ತಿದ್ದ.

ಸಿದ್ದೀಕ್‌ಗೆ ನಲವತ್ತೊಂದು ವರ್ಷ. ಹನ್ನೊಂದು ವರ್ಷ ಕೊಲ್ಲಿ ದೇಶದ ಜುಬೈಲ್‌ನಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದವನು. ಎರಡೂವರೆ ವರ್ಷದ ಹಿಂದೆ ರಜೆಯಲ್ಲಿ ಬಂದಿದ್ದಾಗ ಬಜಪೆಯ ತಿರುವಿನಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಬಲಗೈ, ಬಲಗಾಲಿನ ಸ್ವಾಧೀನ ಹೋಯಿತು. ಮಾತೂ ಹೋಯಿತು. ಅಂದಿನಿಂದ ಈ ಕೇಂದ್ರದ ಹಿಂದಿನ ಜಗಲಿಯಲ್ಲಿ ಗಾಲಿಕುರ್ಚಿಯ ಮೇಲೆ ಅವನ ಹಗಲು ಕಳೆಯುತ್ತಿತ್ತು. ಖರ್ಚು ನೋಡುತ್ತಿದ್ದದ್ದು ಬಜಪೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅಣ್ಣ ಅಹ್ಮದ್ ಬಾವ. ಕೋರ್ಟಿನ ಮೂಲಕ ನೇಮಕವಾದ ಗಾರ್ಡಿಯನ್ ಕೂಡ ಅವರೇ.

ಮೂರು ತಿಂಗಳಿಂದ ಬಿಲ್ಲಿನಲ್ಲಿ ಹೊಸದೊಂದು ಸಾಲು ಬರತೊಡಗಿತ್ತು. ‘ಸ್ಪೀಚ್ ಥೆರಪಿ, ಹನ್ನೆರಡು ಸೆಷನ್, 14,400.’ ಇಷ್ಟು ನನ್ನಿಂದ ಆಗುವುದಿಲ್ಲ, ಶನಿವಾರ ಅವನನ್ನು ಘಟ್ಟದ ಮೇಲೆ ಅರ್ಧ ದರದ ಒಂದು ಕಡೆಗೆ ಸೇರಿಸುತ್ತೇನೆ ಎಂದು ಬಾವ ಹೇಳಿಬಿಟ್ಟಿದ್ದರು. ಆ ಸಾಲನ್ನು ಹೊಡೆಸಿಹಾಕಿ ಎಂದು ಜಯಳನ್ನು ಕೇಳಿಕೊಂಡವಳು ಸಿದ್ದೀಕ್‌ನ ತಂಗಿ ಫಾಯಿಝಾ.

ಮೊನ್ನೆ ದೋಣಿಯಲ್ಲಿ ಹೊಳೆ ದಾಟಿ ಬೆಂಗ್ರೆಗೆ ಹೋದಾಗ ಫಾಯಿಝಾ ಒಳಕೋಣೆಯಲ್ಲಿ ಬಿಳಿ ಬಟ್ಟೆಯಲ್ಲಿ ಕೂತಿದ್ದಳು. ಗಂಡ ಹಿಶಾಮ್ ಆಗಸ್ಟ್ ಐದರಂದು ಮೀನುಗಾರಿಕೆ ಬಂದರಿನ ದಕ್ಕೆಯಲ್ಲಿ ದೋಣಿಯ ಎಂಜಿನ್ ಬಿಚ್ಚುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ. ಮೂವತ್ತೊಂಬತ್ತು ವರ್ಷ. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಇದ್ದತ್‌ನ ದಿನಗಳು.

“ಅಣ್ಣನನ್ನು ನೋಡದೆ ಮೂರು ತಿಂಗಳಾಯ್ತು ಜಯಕ್ಕ,” ಎಂದಿದ್ದಳು ಫಾಯಿಝಾ. “ಹಿಶಾಮ್ ಹೋದದ್ದು ಅವನಿಗೆ ಯಾರಾದ್ರೂ ಹೇಳಿದ್ದಾರಾ, ಅದೂ ನನಗೆ ಗೊತ್ತಿಲ್ಲ. ತಂಗಿ ನನ್ನನ್ನು ಬಿಟ್ಟೇ ಬಿಟ್ಲು ಅಂತ ಎಣಿಸ್ತಿರಬಹುದು. ಕೇಳುವ ಅಂದ್ರೆ ಅವನಿಗೆ ಬಾಯಿ ಇಲ್ಲ.”

“ಆ ಥೆರಪಿ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ?”

“ಇಲ್ಲ. ಎರಡೂವರೆ ವರ್ಷದಲ್ಲಿ ಒಂದು ‘ಹಾ’ ಅನ್ನಲಿಲ್ಲ ಅವನು. ಮಾತೇ ಬಾರದವನಿಗೆ ಎಂತ ಮಾತಿನ ಪಾಠ? ಬಾಯಿ ಇಲ್ಲದವರ ಹೆಸರಲ್ಲಿ ಎಂತ ಬೇಕಾದ್ರೂ ಬರೀಬಹುದಲ್ಲ.”

ಆ ಮಾತು ನ್ಯಾಯವಾಗಿತ್ತು. ಜಯಳ ಕೈಗೆ ಸಿಕ್ಕ ಸುಳ್ಳು ಬಿಲ್ಲುಗಳಲ್ಲಿ ಅರ್ಧಕ್ಕರ್ಧ ಎದ್ದು ಬಂದು ಸಾಕ್ಷಿ ಹೇಳಲಾಗದವರ ಹೆಸರಿನವೇ.

ಈಗ ಅವಳು ರಿಜಿಸ್ಟರಿನ ಮೊದಲ ಪುಟ ತೆರೆದು ಬೆರಳಿಟ್ಟಳು.

“ಇದು ಶುರುವಾದದ್ದು ಹೋದ ವರ್ಷ ಜನವರಿಯಲ್ಲಿ.”

“ಹೌದು.”

“ಬಿಲ್ಲಿಗೆ ಬಂದದ್ದು ಈ ಆಗಸ್ಟಿನಲ್ಲಿ.”

ಮುಖೇಶ್ ಮೇಜಿನ ಮೇಲಿನ ಪೆನ್ನನ್ನು ಸರಿಸಿಟ್ಟ.

“ನಡುವಿನ ಹತ್ತೊಂಬತ್ತು ತಿಂಗಳು ಧರ್ಮಕ್ಕೆ ಮಾಡಿದ್ರಾ?”

“ಒಬ್ರು ಕೊಡ್ತಿದ್ರು ಮೇಡಂ. ಹೆಸರು ಬೇಡ ಅಂದಿದ್ರು.”

“ರಸೀದಿ ಉಂಟಾ?”

 ಅವನು ಎದ್ದು ಕಪಾಟಿನಿಂದ ರಸೀದಿ ಪುಸ್ತಕಗಳನ್ನು ತಂದಿಟ್ಟ. ಹತ್ತೊಂಬತ್ತು ರಸೀದಿಗಳಲ್ಲೂ ನಗದು, ಹೆಸರಿನ ಜಾಗದಲ್ಲಿ ‘ಹಿತೈಷಿ’. ಜಯ ತಾರೀಕುಗಳನ್ನು ತನ್ನ ನೋಟುಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದುಕೊಂಡು, ಮೊಬೈಲಿನ ಕ್ಯಾಲೆಂಡರ್ ತೆಗೆದು ಪ್ರತಿಯೊಂದರ ಮುಂದೆ ವಾರ ಹಾಕಿದಳು. ಆತುರ ಮಾಡಲಿಲ್ಲ. ಮುಖೇಶನ ಕಾಲು ಮೇಜಿನ ಕೆಳಗೆ ಅಲುಗುತ್ತಿತ್ತು.

ಎಲ್ಲವೂ ಬುಧವಾರ.

“ನಿಮ್ಮ ಬಾಗಿಲಲ್ಲಿ ಬೋರ್ಡು ಹಾಕಿದ್ದೀರಿ,” ಎಂದಳು. “ಬುಧವಾರ ಸಂಬಂಧಿಕರಿಗೆ ಪ್ರವೇಶ ಇಲ್ಲ ಅಂತ.”

“ಆ ದಿನ ಕ್ಲೀನಿಂಗ್ ಮೇಡಂ.”

“ಸಂಬಂಧಿಕರು ಯಾರೂ ಎದುರಾಗದ ದಿನ ನೋಡಿ ಬಂದಿದ್ದಾರೆ ನಿಮ್ಮ ಹಿತೈಷಿ. ಹೊರಗಿನವನಾಗಿದ್ರೆ ಆ ಹೆದರಿಕೆ ಯಾಕೆ?”

ಮುಖೇಶ್ ರಸೀದಿ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ.

“ಕೊನೆಯ ರಸೀದಿ ಜುಲೈ ಮೂವತ್ತು. ಹತ್ತೊಂಬತ್ತು ತಿಂಗಳು ಒಮ್ಮೆಯೂ ತಪ್ಪಿಸದವರು ಹೇಳದೆ ಕೇಳದೆ ನಿಲ್ಲಿಸಿದ್ರು. ನೀವು ಅವರಿಗೆ ಫೋನ್ ಕೂಡ ಮಾಡದೆ ನೇರ ಬಿಲ್ಲಿಗೆ ಹಾಕಿದ್ರಿ. ಫೋನ್ ಮಾಡಿ ಪ್ರಯೋಜನ ಇಲ್ಲ ಅಂತ ನಿಮಗೆ ಗೊತ್ತಿತ್ತು, ಅಲ್ಲವಾ?”

ಮುಖೇಶ್ ತಲೆ ಎತ್ತಿದ.

ಜಯ ಮೊಬೈಲನ್ನು ಅವನ ಕಡೆ ತಿರುಗಿಸಿದಳು. ಫಾಯಿಝಾಳ ವಾಟ್ಸಾಪಿನಲ್ಲಿದ್ದ ಫೋಟೊ. ಮರಳಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡ ಹಿಶಾಮ್, ಎಂಜಿನ್ ಎಣ್ಣೆಯ ಕಲೆ ಉಗುರಿನಿಂದ ಹೋಗದ ಕೈ ಮಡಿಲಲ್ಲಿಟ್ಟುಕೊಂಡಿದ್ದ.

“ಪೇಪರಿನಲ್ಲಿ ನೋಡಿದೆ ಮೇಡಂ,” ಎಂದ ಮುಖೇಶ್, ಫೋಟೊದಿಂದ ಕಣ್ಣು ತೆಗೆಯದೆ. “ನಿಧನ ಸುದ್ದಿ ಹಾಕಿದ್ರಲ್ಲ. ಪ್ರತಿ ಬುಧವಾರ ಬರ್ತಿದ್ರು. ತಿಂಗಳ ಕೊನೆಯ ಬುಧವಾರ ಹಣ ಕೊಡ್ತಿದ್ರು. ಹೆಂಡತಿಗೆ ಗೊತ್ತಾಗಬಾರದು ಅಂತ ಮೊದಲ ದಿನವೇ ಕೈ ಮುಗಿದು ಹೇಳಿದ್ರು.”

“ಯಾಕೆ ಅಂತ ಕೇಳ್ಲಿಲ್ಲವಾ?”

“ಇಲ್ಲಿಗೆ ಹಣ ಕೊಡ್ಲಿಕ್ಕೆ ಯಾರು ಬರ್ತಾರೆ ಮೇಡಂ? ಬಂದವರನ್ನು ಯಾಕೆ ಬಂದ್ರಿ ಅಂತ ಕೇಳಿದ್ರೆ ನಾಳೆ ಅವರೂ ಬರುವುದಿಲ್ಲ.”

“ಅವರು ತೀರಿಕೊಂಡ ಮೇಲೆ ಥೆರಪಿ ನಿಲ್ಲಿಸಬಹುದಿತ್ತು.”

“ನಿಲ್ಲಿಸ್ತೇನೆ ಅಂದೆ. ಥೆರಪಿ ಮಾಡುವ ನಜ್ಲಾ ಬಿಡಲಿಲ್ಲ. ಈಗ ಬಿಡ್ಲಿಕ್ಕಾಗುವುದಿಲ್ಲ ಸರ್ ಅಂದ್ಲು. ಹಾಗೆ ಬಿಲ್ಲಿಗೆ ಸೇರಿಸಿದೆ. ಬಾವ ಅವರ ಒಪ್ಪಿಗೆ ಕೇಳಬೇಕಿತ್ತು. ಕೇಳ್ಲಿಲ್ಲ. ಅದು ನನ್ನ ತಪ್ಪು, ಒಪ್ತೇನೆ.”

ಜಯ ಪೆನ್ಸಿಲ್ ಕೆಳಗಿಟ್ಟಳು. ಕಾನೂನಿನ ಮಟ್ಟಿಗೆ ಅವಳ ಕೆಲಸ ಇಲ್ಲಿಗೆ ಮುಗಿದಿತ್ತು. ಗಾರ್ಡಿಯನ್ ಒಪ್ಪಿಗೆ ಇಲ್ಲದೆ ಸೇರಿಸಿದ ಬಾಬ್ತು ಗ್ರಾಹಕ ಆಯೋಗದ ಮುಂದೆ ಒಂದು ದಿನವೂ ನಿಲ್ಲುವುದಿಲ್ಲ. ಮುಖೇಶ್‌ನಿಂದ ಒಂದು ಪತ್ರ ಬರೆಸಿಕೊಂಡು ಬೆಂಗ್ರೆಗೆ ದೋಣಿ ಹತ್ತಬಹುದಿತ್ತು. ಆದರೆ ಫಾಯಿಝಾ ಮೊದಲು ಕೇಳುವುದೇ ಇದನ್ನು: ಅಷ್ಟು ತಿಂಗಳು ಯಾರು ಕೊಟ್ಟದ್ದು ಜಯಕ್ಕ?

ಎಂಜಿನ್ ರಿಪೇರಿಯ ಕೂಲಿಯಲ್ಲಿ ತಿಂಗಳಿಗೆ ಹದಿನಾಲ್ಕು ಸಾವಿರ ತೆಗೆದು ಹೆಂಡತಿಗೂ ಹೇಳದೆ ಅವಳ ಅಣ್ಣನ ಮಾತಿಗಾಗಿ ಖರ್ಚು ಮಾಡಿದವನು ಎಂತಹ ಮನುಷ್ಯ?

ಅವಳು ಮತ್ತೆ ರಿಜಿಸ್ಟರಿನತ್ತ ಬಗ್ಗಿದಳು. ಈ ಸಲ ಹಾಜರಿಯ ಕಲಂ ಬಿಟ್ಟು ಕೊನೆಯ ಕಲಂ ಓದಿದಳು. ‘ಅಭ್ಯಾಸ’ ಎಂದು ಅದರ ತಲೆಬರಹ. ಮೊದಲ ತಿಂಗಳುಗಳಲ್ಲಿ ಬರೀ ‘ಆ’, ‘ಮ’. ಆಮೇಲೆ ‘ನೀರು’, ‘ಬೇಡ’, ‘ನೋವು’. ಈ ವರ್ಷದ ಮೇ ತಿಂಗಳಿನಿಂದ ಎಲ್ಲ ದಿನವೂ ಒಂದೇ ವಾಕ್ಯ.

‘ನಿನ್ನ ತಪ್ಪಲ್ಲ.’

ಮೇ, ಜೂನ್, ಜುಲೈ. ಮೂವತ್ತಾರು ಸಲ. ಆಗಸ್ಟ್ ಆರರ ನಂತರ ಆ ಕಲಂ ಖಾಲಿ.

“ನಜ್ಲಾ ಇದ್ದಾರಾ? ಕರೀರಿ,” ಎಂದಳು ಜಯ.

ನಜ್ಲಾ ಬಂದು ಬಾಗಿಲ ಬಳಿಯೇ ನಿಂತಳು. ಇಪ್ಪತ್ತೇಳರ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ. ತೆರೆದಿದ್ದ ಪುಟ ಕಂಡ ಕೂಡಲೇ ಅವಳ ಮುಖದ ಬಣ್ಣ ಬದಲಾಯಿತು.

“ಒಂದು ಅಕ್ಷರ ಬಾರದವರಿಗೆ ವಾಕ್ಯ ಕಲಿಸ್ತಾರಾ ಅಮ್ಮ?” ಜಯ ಮೆತ್ತಗೆ ಕೇಳಿದಳು.

ನಜ್ಲಾ ಮುಖೇಶನನ್ನು ನೋಡಿದಳು, ನೆಲ ನೋಡಿದಳು.

“ಹೇಳು ಮಾರಾಯ್ತಿ,” ಎಂದ ಮುಖೇಶ್. “ಥೆರಪಿಯೇ ಸುಳ್ಳು ಅಂತ ಕಂಪ್ಲೇಂಟ್ ಕೊಟ್ಟಿದ್ದಾರೆ. ನಿನ್ನ ಹೆಸರೂ ಉಂಟು ಅದರಲ್ಲಿ.”

“ನನ್ನ ಹೆಸರು ಇರ್ಲಿ ಸರ್. ನಾನು ಮಾತು ಕೊಟ್ಟಿದ್ದೇನೆ.”

“ಯಾರಿಗೆ?” ಎಂದಳು ಜಯ.

“ಪೇಷಂಟ್‌ಗೆ.”

ಜಯ ರಿಜಿಸ್ಟರ್ ಮುಚ್ಚಿದಳು.

“ಶನಿವಾರ ಅವರನ್ನು ಘಟ್ಟದ ಮೇಲೆ ಕರ್ಕೊಂಡು ಹೋಗ್ತಾರೆ,” ಎಂದಳು ಜಯ. “ಅಲ್ಲಿ ನೀವು ಇರುವುದಿಲ್ಲ. ಕೊಟ್ಟ ಮಾತು ಯಾರ ಉಪಯೋಗಕ್ಕೆ ಅಂತ ಒಮ್ಮೆ ಆಲೋಚನೆ ಮಾಡಿ.”

ನಜ್ಲಾಳ ಕಣ್ಣು ತುಂಬಿತು.

“ಸಿದ್ದೀಕ್ ಮಾತಾಡ್ತಾರೆ ಮೇಡಂ.”

ಮುಖೇಶ್ ಕುರ್ಚಿಯಿಂದ ಎದ್ದ. “ಎಂತ?”

“ಬಿಡಿ ಬಿಡಿ ಶಬ್ದ ಹೋದ ವರ್ಷದ ಕೊನೆಗೇ ಬಂತು. ವಾಕ್ಯ ಈ ಜುಲೈಯಲ್ಲಿ. ನಿಧಾನ. ಆದ್ರೆ ಎಲ್ಲ ಸ್ಪಷ್ಟ.”

“ನನಗೆ ಒಂದು ಮಾತು ಹೇಳ್ಲಿಲ್ಲ ನೀನು?”

“ಯಾರಿಗೂ ಬೇಡ ಅಂದ್ರು ಸರ್. ಮನೆಯವರಿಗೂ. ಅವರಿಗೆ ನಲವತ್ತೊಂದು ವರ್ಷ. ಅವರು ಬೇಡ ಅಂದ ಮೇಲೆ ಬೇಡ.”

ಜಯಳಿಗೆ ತನ್ನ ಹಿಂದಿನ ಎರಡು ಭೇಟಿ ನೆನಪಾಯಿತು. ಸಿದ್ದೀಕ್‌ನ ಕುರ್ಚಿಯ ಪಕ್ಕದಲ್ಲೇ ನಿಂತು, ಅವನ ತಲೆಯ ಮೇಲಿನಿಂದ ಆಯಾಳನ್ನು ಕೇಳಿದ್ದಳು. ಇವರು ಊಟ ಹೇಗೆ ಮಾಡ್ತಾರೆ, ಇವರಿಗೆ ನಿದ್ದೆ ಬರ್ತದಾ, ಇವರಿಗೆ ಜನರ ಗುರುತು ಸಿಗ್ತದಾ. ಅವನು ಎಲ್ಲವನ್ನೂ ಕೇಳಿಸಿಕೊಂಡು ಕೂತಿದ್ದ. 

“ನನ್ನನ್ನು ಅವರ ಹತ್ರ ಕರ್ಕೊಂಡು ಹೋಗಿ,” ಎಂದಳು ನಜ್ಲಾಳಿಗೆ.

ಅವರು ಹೊರಟಾಗ ಮುಖೇಶ್ ಇನ್ನೂ ನಿಂತೇ ಇದ್ದ. ಅವನ ಮುಖದ ಮೇಲೆ ಬಹಳ ದಿನಗಳ ನಂತರ ನೆಮ್ಮದಿಯಂಥದ್ದೇನೋ ಕಾಣಿಸಿಕೊಂಡಿತ್ತು. ಜಯ ಅದನ್ನು ಗಮನಿಸಿದಳು. ಅದರ ಅರ್ಥವನ್ನು ಆಗಲೇ ಆಲೋಚಿಸಬೇಕಿತ್ತು.

* * *

ಹಿಂದಿನ ಜಗಲಿಯಿಂದ ಇಳಿಜಾರಿನ ಹೆಂಚಿನ ಮಾಡುಗಳು, ಅವುಗಳ ನಡುವೆ ಎದ್ದ ಫ್ಲ್ಯಾಟುಗಳು ಕಾಣುತ್ತಿದ್ದವು. ನವೆಂಬರ್‌ನ ಸಂಜೆ ನಾಲ್ಕರ ಬಿಸಿಲು. ಸಿದ್ದೀಕ್ ಗಾಲಿಕುರ್ಚಿಯಲ್ಲಿ ಎಡಕ್ಕೆ ವಾಲಿಕೊಂಡು ಕೂತಿದ್ದ. ಗಡ್ಡ ಅರ್ಧ ನರೆತಿತ್ತು. ಬಲಗೈ ತೊಡೆಯ ಮೇಲೆ ಬೇರೆ ಯಾರೋ ಇಟ್ಟು ಹೋದ ವಸ್ತುವಿನಂತೆ ಬಿದ್ದಿತ್ತು.

ಜಯ ತಗ್ಗು ಸ್ಟೂಲೊಂದನ್ನು ಎಳೆದುಕೊಂಡು ಅವನ ಎದುರು ಕೂತಳು. ಮೊಣಕಾಲು ನೋಯುತ್ತಿತ್ತು. ಈಗ ಇಬ್ಬರ ಕಣ್ಣೂ ಒಂದೇ ಎತ್ತರಕ್ಕೆ ಬಂದವು.

“ನನಗೆ ಗೊತ್ತಾಯ್ತು,” ಎಂದಳು. “ನಜ್ಲಾ ಹೇಳಬೇಕಾಗಿ ಬಂತು, ಅವಳ ಮೇಲೆ ಸಿಟ್ಟು ಮಾಡಬೇಡಿ. ಎರಡು ಸಲ ನಿಮ್ಮೆದುರು ನಿಂತು ನಿಮ್ಮ ವಿಷಯ ಬೇರೆಯವರ ಹತ್ರ ಕೇಳಿದೆ. ನನ್ನದು ತಪ್ಪಾಯ್ತು.”

ಅವನು ನಜ್ಲಾಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬಾಯಿ ತೆರೆದ. ತುಟಿ ಎರಡು ಸಲ ಮುಚ್ಚಿ ತೆರೆದ ನಂತರ ಶಬ್ದ ಬಂತು. ಒರಟಾದ, ಬಳಸದೆ ತುಕ್ಕು ಹಿಡಿದ ಸ್ವರ.

“ಫಾಯಿ… ಝಾ. ಹೇಗಿದ್ದಾಳೆ?”

ಅವನು ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆದಿದೆ. ಹೇಳುವುದಕ್ಕೆ ಅವನಿಗೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಯಿತು. ಕೆಲವು ಶಬ್ದ ಸಿಗದೆ ಎಡಗೈಯಲ್ಲಿ ತೋರಿಸಿದ. ಕೆಲವು ಕಡೆ ನಜ್ಲಾ ಮೊದಲ ಅಕ್ಷರ ಕೊಟ್ಟಳು, ಉಳಿದದ್ದನ್ನು ಅವನೇ ಎಳೆದು ತಂದ.

“ಆ ದಿನ ಬೈಕ್ ಬಿಟ್ಟದ್ದು ಹಿಶಾಮ್. ನಾನು ಹಿಂದೆ ಕೂತಿದ್ದೆ.”

ಜಯಳ ಪೆನ್ಸಿಲ್ ನಿಂತಿತು. ಪೊಲೀಸ್ ದಾಖಲೆಯಲ್ಲಿ ಇದ್ದದ್ದು ಬೇರೆ. ಸವಾರ ಒಬ್ಬನೇ, ಸ್ವಯಂ ಅಪಘಾತ.

“ಅವನಿಗೆ ಲೈಸನ್ಸ್ ಇಲ್ಲ. ಬಿದ್ದ ಮೇಲೆ ಅವನಿಗೂ ಎಚ್ಚರ ಇರ್ಲಿಲ್ಲ, ಸ್ವಲ್ಪ ಹೊತ್ತು. ಎದ್ದ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದ. ನನ್ನ ತಲೆ ಮಡಿಲಲ್ಲಿ ಇಟ್ಟು ಕೂತಿದ್ದ. ಆಂಬ್ಯುಲೆನ್ಸ್ ಶಬ್ದ ಕೇಳಿದ ಮೇಲೆ ಹೋದ. ಹೆದರಿದ. ಪೊಲೀಸಿಗೆ ಅಲ್ಲ. ಫಾಯಿಝಾಗೆ.”

“ಮತ್ತೆ ಇಲ್ಲಿಗೆ ಬಂದದ್ದು?”

“ಒಂಬತ್ತು ತಿಂಗಳ ಮೇಲೆ. ಬುಧವಾರ. ನನ್ನ ಕಾಲು ಹಿಡಿದು ಅತ್ತ. ನಾನು ಮಾಡಿದ್ದು ಹೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ ಅಂದ. ನಿನಗೆ ಮಾತು ಬರಿಸ್ತೇನೆ. ಬಂದ ದಿನ ನೀನೇ ಎಲ್ಲರಿಗೂ ಹೇಳು ಅಂದ.”

ಜಯ ಬಗೆಬಗೆಯ ಕಳ್ಳರನ್ನು, ಮೋಸ ಮಾಡಿದವರನ್ನು ಕಂಡವಳು. ತನ್ನ ವಿರುದ್ಧ ಸಾಕ್ಷಿ ಹೇಳಬೇಕಾದವನಿಗೆ ತಿಂಗಳು ತಿಂಗಳು ಕೂಲಿಯ ಹಣ ತೆತ್ತು ನಾಲಿಗೆ ಕೊಡಿಸಿದವನನ್ನು ಕಂಡಿರಲಿಲ್ಲ.

“ಮಾತು ಬಂತಲ್ಲ. ಯಾಕೆ ಹೇಳ್ಲಿಲ್ಲ?”

“ಫಾಯಿಝಾ ಭಾನುವಾರ ಬರ್ತಿದ್ಲು. ಮೀನಿನ ಮುಳ್ಳು ತೆಗೆದು ಬಾಯಿಗೆ ಕೊಡ್ತಿದ್ಲು. ಇಡೀ ಹೊತ್ತು ಹಿಶಾಮ್ ವಿಷಯವೇ. ಹಿಶಾಮ್ ಹಾಗೆ ನಗಾಡಿದ, ಹಿಶಾಮ್ ಇದು ತಂದ.” ಅವನು ಉಸಿರು ತೆಗೆದುಕೊಂಡ. “ನಾನು ಬಾಯಿ ಬಿಟ್ರೆ ಅವಳು ಮೊದಲು ಕೇಳುವುದು, ಹೇಗೆ ಬಿದ್ದೆ ಅಣ್ಣ ಅಂತ. ಸುಳ್ಳು ಹೇಳ್ಲಿಕ್ಕೆ ತುಂಬ ಶಬ್ದ ಬೇಕು. ನನ್ನ ಹತ್ರ ಅಷ್ಟು ಇಲ್ಲ.”

ನಜ್ಲಾ ಮುಖ ಆಚೆ ತಿರುಗಿಸಿಕೊಂಡಳು.

“ಹಿಶಾಮ್‌ಗೆ ಗೊತ್ತಿತ್ತಾ, ನಿಮಗೆ ಮಾತು ಬಂದದ್ದು?”

ಅವನು ತಲೆಯಾಡಿಸಿದ. ಇಲ್ಲ. ಮುಂದಿನದನ್ನು ಹೇಳಲು ಹೋದಾಗ ಶಬ್ದ ಬರಲಿಲ್ಲ. ನಜ್ಲಾಳೇ ಹೇಳಿದಳು.

“ಹಿಶಾಮ್ ಹತ್ರ ಮೊದಲು ಹೇಳುವುದು ಇದೇ ಮಾತು ಅಂತ ಹಟ ಮೇಡಂ. ‘ನಿನ್ನ ತಪ್ಪಲ್ಲ’ ಅಂತ. ಇಂಥ ಪೆಟ್ಟು ಬಿದ್ದವರಿಗೆ ವಾಕ್ಯದ ಕೊನೆ ಜಾರಿಹೋಗ್ತದೆ. ಇವರಿಗೆ ಆ ಕೊನೆಯ ‘ಅಲ್ಲ’ ಬರ್ತಿರಲಿಲ್ಲ. ಮೂರು ತಿಂಗಳು ಬರೀ ‘ನಿನ್ನ ತಪ್ಪು, ನಿನ್ನ ತಪ್ಪು’ ಅಂತಲೇ ಬರ್ತಿತ್ತು. ಹಿಶಾಮ್ ಎದುರು ಹಾಗೆ ಬಂದುಬಿಟ್ರೆ ಅಂತ ಹೆದರಿ, ಬುಧವಾರ ಬುಧವಾರ ಬಾಯಿ ಮುಚ್ಚಿ ಕೂತ್ಕೊಳ್ತಿದ್ರು.”

“ಕೊನೆಗೆ ಸರಿ ಬಂತಾ?”

“ಆಗಸ್ಟ್ ನಾಲ್ಕು, ಸೋಮವಾರ. ಒಂದರ ಹಿಂದೆ ಒಂದು ಐದು ಸಲ ಸರಿಯಾಗಿ ಬಂತು. ಮಂಗಳವಾರ ಮತ್ತೆ ಹೇಳಿಸಿದೆ. ಬುಧವಾರ ಬೆಳಿಗ್ಗೆಯೇ ಹೊಸ ಅಂಗಿ ಹಾಕಿಸಿಕೊಂಡು ಇಲ್ಲಿ ಕೂತ್ರು. ಸಂಜೆ ಆರರ ತನಕ ಊಟಕ್ಕೂ ಒಳಗೆ ಬರ್ಲಿಲ್ಲ.”

ಹಿಶಾಮ್ ಸತ್ತದ್ದು ಮಂಗಳವಾರ.

“ಪೇಪರ್ ನೋಡಿ ನಾನೇ ಅವರಿಗೆ ಹೇಳಿದೆ,” ಎಂದಳು ನಜ್ಲಾ. ಕೆಳಗಿನ ರಸ್ತೆಯಲ್ಲಿ ಬಸ್ಸೊಂದು ಏರು ಹತ್ತಲಾರದೆ ನರಳಿ ಹೋಯಿತು. ಸಿದ್ದೀಕ್‌ನ ಎಡಗಣ್ಣಿನಿಂದ ಮಾತ್ರ ನೀರಿಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲು ಅವನು ಹೋಗಲಿಲ್ಲ.

ಜಯಳಿಗೆ ಫಾಯಿಝಾಳ ಬಿಳಿ ಬಟ್ಟೆ ಕಣ್ಣಿಗೆ ಕಟ್ಟಿತು. ಯಾವ ಸಾಲನ್ನು ಸುಳ್ಳೆಂದು ಹೊಡೆಸಿಹಾಕಲು ಅವಳು ಹೇಳಿದ್ದಳೋ ಅದೇ ಅವಳ ಗಂಡ ಬಿಟ್ಟುಹೋದ ಕೊನೆಯ ಸತ್ಯ. ಹೇಳಿದರೆ ಅವಳು ಸತ್ತ ಗಂಡನನ್ನು ಇನ್ನೊಮ್ಮೆ ಕಳೆದುಕೊಳ್ಳಬೇಕು. ಹೇಳದಿದ್ದರೆ ಬದುಕಿರುವ ಅಣ್ಣನನ್ನು ಶನಿವಾರ ಕಳೆದುಕೊಳ್ಳುತ್ತಾಳೆ.

ಆದರೂ ಒಂದು ವಿಷಯ ಅವಳ ಹಳೆಯ ವೃತ್ತಿಯ ಮನಸ್ಸನ್ನು ಕುಟುಕುತ್ತಿತ್ತು. ಕ್ಷಮಿಸುವವನು ‘ಹೋಗಲಿ ಬಿಡು’ ಎನ್ನುತ್ತಾನೆ. ಇವನು ಮೂರು ತಿಂಗಳು ಒದ್ದಾಡಿದ್ದು ಬೇರೆ ಮಾತಿಗೆ.

“ಒಂದು ಕೇಳ್ತೇನೆ,” ಎಂದಳು. “ಹಿಶಾಮ್‌ಗೆ ಸಮಾಧಾನ ಆಗ್ಲಿ ಅಂತ ಹಾಗೆ ಹೇಳಬೇಕು ಅಂತಿದ್ದದ್ದಾ? ಅಥವಾ ನಿಜವಾಗಿಯೂ ಅವನ ತಪ್ಪು ಇರ್ಲಿಲ್ಲವಾ?”

ಸಿದ್ದೀಕ್ ಅವಳನ್ನೇ ನೋಡಿದ. ಈ ಪ್ರಶ್ನೆಗಾಗಿ ಯಾರಾದರೂ ಬರಬಹುದೆಂದು ಬಹಳ ದಿನ ಕಾದವನ ನೋಟ.

“ನಿಜ. ಅವನ ತಪ್ಪು ಅಲ್ಲ. ಜಾರಿತು ಅಂತ ಎಣಿಸಿದ. ಜಾರಿದ್ದಲ್ಲ. ಹಿಂದಿನಿಂದ ತಾಗಿತು.”

“ಎಂತ ತಾಗಿದ್ದು?”

“ಪಿಕಪ್. ನಾನು ತಿರುಗಿ ನೋಡಿದೆ. ತಾಗುವ ಮೊದಲೇ ನೋಡಿದೆ. ಹತ್ತಿರ, ಇಷ್ಟು ಹತ್ತಿರ.” ಎಡಗೈಯನ್ನು ಮುಖದ ಮುಂದೆ ತಂದ. “ಗಾಜಿನ ಒಳಗೆ ಮುಖ ಕಂಡಿತು.”

“ಗುರುತಿನವರಾ?”

ಅವನ ಬಾಯಿ ತೆರೆದೇ ಇತ್ತು. ನಜ್ಲಾ ಸಹಾಯಕ್ಕೆ ಬಗ್ಗಿದಳು. ಅವನು ಕೈ ಎತ್ತಿ ಬೇಡವೆಂದ. ಈ ಶಬ್ದಕ್ಕೆ ಅವನಿಗೆ ಯಾರ ಸಹಾಯವೂ ಬೇಕಿರಲಿಲ್ಲ.

“ಅಣ್ಣ.”

ಜಯ ಸ್ಟೂಲಿನಲ್ಲೇ ಮುಂದಕ್ಕೆ ಬಗ್ಗಿದಳು. “ಬಾವ ಅವರಾ? ಬೇಕೆಂದೇ ತಾಗಿಸಿದ್ದಾ?”

“ಗೊತ್ತಿಲ್ಲ. ಅದು ಗೊತ್ತಿಲ್ಲ. ನಿಲ್ಲಿಸ್ಲಿಲ್ಲ. ಅದು ಗೊತ್ತುಂಟು. ನಾನು ಬಿದ್ದಲ್ಲಿಂದ ನೋಡ್ತಿದ್ದೆ. ಸ್ವಲ್ಪ ಮುಂದೆ ಹೋಗಿ ನಿಧಾನ ಆಯ್ತು. ಮತ್ತೆ ಹೋಯ್ತು.”

“ಎರಡೂವರೆ ವರ್ಷದಿಂದ ನಿಮ್ಮ ಖರ್ಚು ನೋಡಿದ್ದು ಅವರು.”

“ಹೌದು. ತಿಂಗಳಿಗೊಮ್ಮೆ ಬರ್ತಾರೆ. ಅಲ್ಲಿ ಕೂತ್ಕೊಳ್ತಾರೆ.” ಎದುರಿನ ಸಿಮೆಂಟ್ ಕಟ್ಟೆ ತೋರಿಸಿದ. “ನನ್ನ ಬಾಯಿಯನ್ನೇ ನೋಡ್ತಾರೆ.”

ಆಗ ಒಳಬಾಗಿಲು ತೆರೆದುಕೊಂಡಿತು. ಮುಖೇಶ್ ಬಂದ. ಕೈಯಲ್ಲಿ ಮೊಬೈಲ್, ಮುಖದಲ್ಲಿ ಹಗುರವಾದ ನಗು.

“ಸಿದ್ದೀಕ್, ನನಗೂ ಹೇಳದೆ ಕೂತಿದ್ದಿಯಲ್ಲ ಮಾರಾಯ,” ಎಂದ. ಆಮೇಲೆ ಜಯಳ ಕಡೆ ತಿರುಗಿದ. “ಮೇಡಂ, ಬಿಲ್ಲಿನ ತಕರಾರು ಇನ್ನು ಬೇಡ. ನೀವು ಈ ಕಡೆ ಬಂದ ಕೂಡ್ಲೇ ನಾನು ಬಾವ ಅವರಿಗೆ ಫೋನ್ ಮಾಡಿದೆ. ತಮ್ಮನಿಗೆ ಮಾತು ಬಂದಿದೆ, ಥೆರಪಿ ದಂಡ ಆಗ್ಲಿಲ್ಲ ಅಂತ ಹೇಳಿದೆ.”

ಜಯ ಸ್ಟೂಲಿನಿಂದ ಏಳುವಷ್ಟರಲ್ಲಿ ನೋಟುಪುಸ್ತಕ ಕೆಳಗೆ ಬಿತ್ತು.

“ಎಂತ ಹೇಳಿದ್ರು ಅವರು?”

“ಮೊದಲು ಎಂತದೂ ಹೇಳ್ಲಿಲ್ಲ. ಪಾಪ, ಖುಷಿಗೆ ಬಾಯಿ ಕಟ್ಟಿರಬೇಕು. ಆಮೇಲೆ, ಎಂತ ಮಾತಾಡಿದ ಅಂತ ಕೇಳಿದ್ರು. ಗೊತ್ತಿಲ್ಲ, ಮೇಡಂ ಹತ್ರ ಈಗ ಮಾತಾಡ್ತಿದ್ದಾನೆ ಅಂದೆ. ಕೂಡ್ಲೇ ಹೊರಟ್ರು. ಹತ್ತಿರ ಬಂದೆ, ಈಗ ಕುಲಶೇಖರ ದಾಟಿದೆ ಅಂತ ಮತ್ತೆ ಫೋನ್ ಬಂತು. ಶನಿವಾರದ ತನಕ ಯಾಕೆ, ಇವತ್ತೇ ಕರ್ಕೊಂಡು ಹೋಗ್ತೇನೆ, ಡಿಸ್ಚಾರ್ಜ್ ಪೇಪರ್ ರೆಡಿ ಮಾಡಿ ಅಂದ್ರು.”

ನಜ್ಲಾ ಗಾಲಿಕುರ್ಚಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಪೇಪರ್ ಕೊಡಬೇಡಿ,” ಎಂದಳು ಜಯ.

“ಹೇಗೆ ಕೊಡದಿರುವುದು ಮೇಡಂ? ಗಾರ್ಡಿಯನ್ ಅವರು. ಕೋರ್ಟಿನ ಆರ್ಡರ್ ಉಂಟು. ಎಂತಾಯ್ತು ಈಗ?”

ಜಯ ಉತ್ತರಿಸುವ ಮೊದಲು ಸಿದ್ದೀಕ್‌ನ ಎಡಗೈ ಅವಳ ಸೆರಗನ್ನು ಹಿಡಿದು ಎಳೆಯಿತು.

“ಫೋನ್,” ಎಂದ ಅವನು. “ಫಾಯಿಝಾ.”

ಅವಳು ನಂಬರ್ ಒತ್ತಿ ಅವನ ಅಂಗೈಯಲ್ಲಿಟ್ಟಳು. ಎರಡನೆಯ ರಿಂಗಿಗೇ ಆ ಕಡೆಯಿಂದ ದನಿ ಬಂತು.

“ಜಯಕ್ಕ? ಎಂತಾಯ್ತು? ಒಪ್ಪಿದ್ರಾ ಅವರು?”

ಸಿದ್ದೀಕ್ ಬಾಯಿ ತೆರೆದ. ಕುತ್ತಿಗೆಯ ನರ ಎದ್ದು ನಿಂತವು.

“ಫಾ… ಯಿ.”

 ಬೆಂಗ್ರೆಯ ಆ ಕೋಣೆಯ ಹೊರಗೆ ಎಲ್ಲೋ ದೋಣಿಯ ಎಂಜಿನ್ ಬಡಿಯುವುದು ಕೇಳುತ್ತಿತ್ತು.

“ಯಾರು?” ಎಂದಳು ಫಾಯಿಝಾ. ಸ್ವರ ಗಟ್ಟಿಯಾಗಿತ್ತು. “ಯಾರು ನೀವು? ಜಯಕ್ಕನ ಫೋನ್ ನಿಮ್ಮ ಹತ್ರ ಹೇಗೆ ಬಂತು?”

ಎರಡೂವರೆ ವರ್ಷದಲ್ಲಿ ಅವನ ಸ್ವರ ಅಷ್ಟು ಬದಲಾಗಿತ್ತು. ಅವಳ ಮದುವೆಯ ಖರ್ಚನ್ನೆಲ್ಲ ಹೊತ್ತವನ ದನಿಯ ಗುರುತು ಅವಳಿಗೆ ಸಿಗಲಿಲ್ಲ.

“ನಾನು,” ಎಂದ ಸಿದ್ದೀಕ್. “ನಾನು. ನಾನು.” ಅದರಾಚೆಗಿನ ಶಬ್ದ ಬರಲಿಲ್ಲ. ಜಯ ಫೋನಿಗೆ ಕೈ ಚಾಚಿದಳು. ಅವನು ಕೊಡಲಿಲ್ಲ.

ಫಾಯಿಝಾ ಫೋನ್ ಇಟ್ಟುಬಿಟ್ಟಳು.

ಮುಂಭಾಗದಲ್ಲಿ ಗೇಟು ಸರಿದ ಸದ್ದಾಯಿತು. ಗಾಡಿಯೊಂದು ಅಂಗಳಕ್ಕೆ ಬಂದು ನಿಂತಿತು. ಬಾಗಿಲು ಒಮ್ಮೆ ಬಡಿಯಿತು, ಇನ್ನೊಮ್ಮೆ ಬಡಿಯಿತು. ಬಂದವರು ಒಬ್ಬರಲ್ಲ ಎಂದು ಜಯಳಿಗೆ ತಿಳಿಯಿತು. ಚಪ್ಪಲಿಯ ಸದ್ದು ಉದ್ದ ಓಣಿಯನ್ನು ದಾಟಿ ಬಂತು.

ಅಹ್ಮದ್ ಬಾವ ಜಗಲಿಯ ಹೊಸ್ತಿಲಲ್ಲಿ ನಿಂತರು; ಜೊತೆಗೆ ಬಂದವನು ಓಣಿಯಲ್ಲೇ ಉಳಿದ. ಐವತ್ತು ದಾಟಿದ ದೊಡ್ಡ ಮೈಕಟ್ಟು, ಹಣೆಯ ಮೇಲೆ ಬೆವರು. ಜಯಳನ್ನಾಗಲಿ ಮುಖೇಶನನ್ನಾಗಲಿ ಅವರು ನೋಡಲಿಲ್ಲ. ತಮ್ಮನ ಕೈಯಲ್ಲಿ ಇನ್ನೂ ಬೆಳಗುತ್ತಿದ್ದ ಫೋನನ್ನು ನೋಡಿದರು. ನಿಧಾನವಾಗಿ ಬಂದು, ಜಯ ಬಿಟ್ಟೆದ್ದ ಸ್ಟೂಲಿನ ಮೇಲೆ ಕೂತು ಅವನ ಮುಖಕ್ಕೆ ಮುಖ ತಂದರು.

“ಯಾರಿಗೆ ಮಾಡಿದ್ದು ಸಿದ್ದೀಕ್?” ಎಂದರು.

ಎರಡೂವರೆ ವರ್ಷದಲ್ಲಿ ಮೊದಲ ಸಲ ಮನೆಯವರೊಬ್ಬರು ಅವನನ್ನು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾದು ಕೂತಿದ್ದರು.